ಗಡಿಯ ದಂಡನಾಥ: ಹರಿಹರದ ಪೋಲಾಳ್ವನ ಅಧಿಕಾರ ಮತ್ತು ಧರ್ಮಕಾರ್ಯ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳರ ಮಂತ್ರಿಯೂ ದಂಡನಾಥನೂ ಆಗಿದ್ದ ಪೋಲಾಳ್ವ. ವಾಸ್ತುಶಿಲ್ಪದ ಅಭ್ಯಾಸಿಗಳಿಗೆ ಅವನು ದೇಗುಲ ಕಟ್ಟಿಸಿದವನು. ಸಾಹಿತ್ಯ ಚರಿತ್ರೆಗೆ ‘ಹರಿಚಾರಿತ್ರ’ದ ಕವಿ. ಈ ಎರಡು ಚಿತ್ರಗಳ ನಡುವೆ ರಾಜ್ಯಾಧಿಕಾರಿಯಾದ ಪೋಲಾಳ್ವ ಮರೆಗೆ ಸರಿದಿದ್ದಾನೆ. ಗಡಿಯಲ್ಲಿ ಅವನು ನಡೆಸಿದ ರಾಜಕಾರ್ಯದಿಂದ ಈ ದೇವಾಲಯವನ್ನು ಬೇರ್ಪಡಿಸಿ ನೋಡಿದರೆ ಅವನ ಜೀವನವೂ ಅರ್ಥವಾಗುವುದಿಲ್ಲ, ದೇವಾಲಯವೂ ಅರ್ಥವಾಗುವುದಿಲ್ಲ ಎಂಬುದು ಈ ಲೇಖನದ ವಾದ.

ಪೋಲಾಳ್ವ ಇಮ್ಮಡಿ ವೀರಬಲ್ಲಾಳ (1173–1220) ಮತ್ತು ಅವನ ಮಗ ಇಮ್ಮಡಿ ನರಸಿಂಹ ಇಬ್ಬರ ಆಶ್ರಯದಲ್ಲೂ ಇದ್ದವನು. ಈ ಅವಧಿಯಲ್ಲಿ ದಾವಣಗೆರೆ ಸೀಮೆಯ ಸ್ಥಿತಿ ಪೂರ್ತಿ ಬದಲಾಯಿತು. ನೊಳಂಬವಾಡಿಯನ್ನು ಆಳುತ್ತಿದ್ದ ಉಚ್ಚಂಗಿಯ ಪಾಂಡ್ಯರನ್ನು ಬಲ್ಲಾಳ ಸೋಲಿಸಿದ. 1190ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಹಿಮ್ಮೆಟ್ಟಿಸಿ ಉತ್ತರಕ್ಕೆ ಮುನ್ನುಗ್ಗಿದ. ಆದರೆ ಮುಂದೆ ಸೇವುಣ ಸಿಂಘಣನ ಒತ್ತಡದಿಂದ ತುಂಗಭದ್ರೆಯಾಚೆಯ ನೆಲ ಹೊಯ್ಸಳರ ಕೈತಪ್ಪುತ್ತ ಬಂತು. ಒಂದು ಕಾಲಕ್ಕೆ ರಾಜ್ಯದ ಒಳಗೆ ಹರಿಯುತ್ತಿದ್ದ ಹೊಳೆಯೇ ರಾಜ್ಯದ ಅಂಚಾಯಿತು. ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವ, ಶಾಸನಗಳು ಕೂಡಲೂರೆಂದು ಕರೆಯುವ ಈ ಊರು ಆ ಅಂಚಿನಲ್ಲೇ ಇದೆ. ಕಾಲ, ಸ್ಥಳ, ಕಟ್ಟಿಸಿದವನ ಹುದ್ದೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಇಷ್ಟು ದೊಡ್ಡ ನಿರ್ಮಾಣ ಇಲ್ಲಿಯೇ, ಆಗಲೇ ಆದದ್ದನ್ನು ಆಕಸ್ಮಿಕವೆನ್ನಲಾಗದು.

ಇದು ಕೇವಲ ಭಕ್ತಿಯ ಕೆಲಸ, ಇದರಲ್ಲಿ ರಾಜಕಾರಣ ಹುಡುಕುವುದು ಅತಿಯಾಯಿತು ಎಂಬ ಆಕ್ಷೇಪ ಬರಬಹುದು. ಬಲಭಾಗ ಶಿವ, ಎಡಭಾಗ ವಿಷ್ಣುವಾದ ಮೂರ್ತಿಯೂ ಪೋಲಾಳ್ವನ ಕಲ್ಪನೆಯಲ್ಲ. ಬಾದಾಮಿಯ ಮೊದಲ ಗುಹೆಯಲ್ಲಿ 6ನೇ ಶತಮಾನದಲ್ಲೇ ಹರಿಹರನಿದ್ದಾನೆ. ಅವನ ಭಕ್ತಿಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಆ ಕಾಲದಲ್ಲಿ ಭಕ್ತಿ ಮತ್ತು ಆಡಳಿತ ಬೇರೆ ಬೇರೆ ಕೋಣೆಗಳಲ್ಲಿ ಇರಲಿಲ್ಲ. ದೇವಾಲಯ ನಿಂತರೆ ದತ್ತಿಯ ಭೂಮಿ, ಅದನ್ನು ನೋಡಿಕೊಳ್ಳುವ ಬ್ರಾಹ್ಮಣರು, ಕುಶಲಕರ್ಮಿಗಳು, ವ್ಯಾಪಾರಿಗಳು ಅದರ ಸುತ್ತ ನೆಲೆಗೊಳ್ಳುತ್ತಿದ್ದರು. ಶೈವರೂ ವೈಷ್ಣವರೂ ಒಟ್ಟಿಗೆ ಬಾಳುವ ಸೀಮೆಯಲ್ಲಿ ಇಬ್ಬರೂ ತಮ್ಮದೆನ್ನಬಹುದಾದ ದೇವರನ್ನು ನಡುವೆ ನಿಲ್ಲಿಸುವುದು ಜನರನ್ನು ಒಗ್ಗೂಡಿಸುವ ದಾರಿಯೂ ಹೌದು. ಬೇಲೂರು, ಹಳೇಬೀಡುಗಳ ಗೋಡೆಗಳಲ್ಲಿನ ಶಿಲ್ಪಗಳ ದಟ್ಟಣೆ ಇಲ್ಲಿಲ್ಲ; ಕಡೆದ ಕಂಬಗಳ ವಿಶಾಲವಾದ ತೆರೆದ ಮಂಟಪವೇ ಇಲ್ಲಿ ಪ್ರಧಾನ. ಜನ ಸೇರುವುದಕ್ಕೆ ಕಟ್ಟಿದ ಜಾಗ ಇದೆಂಬ ಊಹೆಗೆ ಆ ಮಂಟಪದ ಹರವು ಬಲ ಕೊಡುತ್ತದೆ.

ಶಾಸನಗಳು ಹೊಗಳಿಕೆಯ ಬರಹ, ಅವನ್ನು ನಂಬಿ ಜೀವನಚರಿತ್ರೆ ಕಟ್ಟಲಾಗದು ಎಂಬುದು ಇನ್ನೊಂದು ಆಕ್ಷೇಪ. ಪ್ರಶಸ್ತಿಯ ವಿಶೇಷಣಗಳ ಮಟ್ಟಿಗೆ ಅದು ಸರಿ. ಆದರೆ ಇಲ್ಲಿನ ವಾದ ನಿಂತಿರುವುದು ವಿಶೇಷಣಗಳ ಮೇಲಲ್ಲ, ನಂತರ ಬಂದವರ ನಡೆಯ ಮೇಲೆ. ಮುಮ್ಮಡಿ ನರಸಿಂಹನ ದಂಡನಾಯಕ, ಸೋಮನಾಥಪುರವನ್ನು ಸ್ಥಾಪಿಸಿದ ಸೋಮ, 1268ರಲ್ಲಿ ಇದೇ ದೇವಾಲಯವನ್ನು ವಿಸ್ತರಿಸಿದ. ಸುಮಾರು ಒಂದು ದಶಕದೊಳಗೆ ಸೇವುಣ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ, ದೋರಸಮುದ್ರದ ಮೇಲೆ ದಂಡೆತ್ತಿ ಹೋಗಿ ಹಿಂದಿರುಗಿದವನು, ಹರಿಹರದಲ್ಲೇ ತನ್ನ ಹಿಂದಿನ ದೊರೆ ಮಹಾದೇವನ ಹೆಸರಿನಲ್ಲಿ ನಾರಾಯಣ ದೇವಾಲಯ ಕಟ್ಟಿಸಿದ. ಹೊಯ್ಸಳರ ಎದುರಾಳಿಯೂ ತನ್ನ ಗೆಲುವಿನ ಗುರುತನ್ನು ಇಲ್ಲೇ ನೆಟ್ಟನೆಂದರೆ, ಈ ಕ್ಷೇತ್ರದ ರಾಜಕೀಯ ಮಹತ್ವವನ್ನು ಶತ್ರುವೂ ಒಪ್ಪಿದಂತಾಯಿತು. ಹೊಗಳಿಕೆಯ ಶಾಸನಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇದು.

ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನವೆಂದು ಸೇರಿಸಿದ್ದಾರೆ. ಅವನ್ನು ನೆರೆಯ ಬೇತೂರು, ಉಚ್ಚಂಗಿಗಳ ಶಾಸನಗಳ ಪಕ್ಕದಲ್ಲಿಟ್ಟು ಓದಬೇಕು. ಆಗ ನಮ್ಮ ಪ್ರಾಂತ್ಯಗಳ ಚರಿತ್ರೆ ರಾಜಧಾನಿಯ ಚರಿತ್ರೆಗೆ ಅಡಿಟಿಪ್ಪಣಿಯಾಗಿ ಉಳಿಯುವುದಿಲ್ಲ. ಪೋಲಾಳ್ವನಂಥ ಅಧಿಕಾರಿಗಳೇ ಅದರ ಕರ್ತೃಗಳೆಂಬುದು ತಿಳಿಯುತ್ತದೆ.