ಇಲಿ ಜ್ವರ

ಇಲಿ ಜ್ವರವು ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದಿಂದ ಉಂಟಾಗುವ, ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಸೋಂಕುರೋಗ. ವೈದ್ಯಶಾಸ್ತ್ರದಲ್ಲಿ ಇದನ್ನು ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. 2015ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 10 ಲಕ್ಷ ಜನರಿಗೆ ಈ ರೋಗ ತಗಲುತ್ತದೆ. ಸುಮಾರು 59 ಸಾವಿರ ಮಂದಿ ಮರಣ ಹೊಂದುತ್ತಾರೆ. ಇವರಲ್ಲಿ ಬಡ ಕೃಷಿಕರೂ ಕೂಲಿಕಾರರೂ ಹೆಚ್ಚು.

ಇತಿಹಾಸ

ರೋಗದ ತೀವ್ರ ರೂಪವನ್ನು ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲಿ ವಿವರಿಸಿದರು. ರೋಗಕಾರಕವನ್ನು ಜಪಾನಿನ ಇನಾಡ ಮತ್ತು ಸಂಗಡಿಗರು 1910ರ ದಶಕದಲ್ಲಿ ಗುರುತಿಸಿದರು.

ಹರಡುವ ಬಗೆ

ಇಲಿ, ಹೆಗ್ಗಣ, ದನ, ಹಂದಿ ಮತ್ತು ನಾಯಿಗಳ ಮೂತ್ರದಲ್ಲಿ ಹೊರಬರುವ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿಯೂ ಒದ್ದೆ ಮಣ್ಣಿನಲ್ಲಿಯೂ ವಾರಗಟ್ಟಲೆ ಬದುಕಬಲ್ಲದು. ಗಾಯ, ಒಡೆದ ಹಿಮ್ಮಡಿ, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ ಹಾಗೂ ಕಣ್ಣು, ಮೂಗು, ಬಾಯಿಗಳ ಒಳಪದರದ ಮೂಲಕ ಅದು ದೇಹವನ್ನು ಸೇರುತ್ತದೆ.

ಬೇಸಾಯ ಮತ್ತು ಸೋಂಕು

ಮೈಸೂರು ಜಿಲ್ಲೆಯ ಹನಗೋಡಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಕಟ್ಟಿದ ಅಣೆಕಟ್ಟೆಯ ನಾಲೆಗಳು ಹುಣಸೂರು ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುತ್ತವೆ. ಕೆ.ಆರ್. ನಗರ ತಾಲ್ಲೂಕಿನಲ್ಲಿ ಕಾವೇರಿಯ ನಾಲೆಗಳ ಕೆಳಗೆ ಭತ್ತ ಬೆಳೆಯುತ್ತದೆ. ಇಂತಹ ನೀರಾವರಿ ಸೀಮೆಗಳಲ್ಲಿ ನಿಂತ ನೀರು, ಬದುವಿನ ಇಲಿಬಿಲ, ಮನೆಗೆ ಹೊಂದಿಕೊಂಡ ಕೊಟ್ಟಿಗೆ ಮೂರೂ ಒಟ್ಟಿಗಿರುವುದರಿಂದ ಸೋಂಕಿಗೆ ಅವಕಾಶ ಹೆಚ್ಚು. ಪೈರು ಕೀಳುವ, ನಾಟಿ ಹಾಕುವ, ಕಳೆ ತೆಗೆಯುವ ಕೆಲಸಗಳನ್ನು ಬಹುಪಾಲು ಕೂಲಿ ಹೆಂಗಸರು ಬರಿಗಾಲಿನಲ್ಲಿ ಮಾಡುತ್ತಾರೆ. ಒಂದು ದಿನ ಮಲಗಿದರೆ ಅಂದಿನ ಕೂಲಿಯಿಲ್ಲ. ಆದುದರಿಂದ ಜ್ವರವಿದ್ದರೂ ಗದ್ದೆಗಿಳಿಯುವವರುಂಟು.

ಲಕ್ಷಣಗಳು

ಸೋಂಕು ತಗಲಿದ 2ರಿಂದ 30 ದಿನಗಳೊಳಗೆ ಚಳಿಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರ ನೋವು ಮತ್ತು ಕಣ್ಣು ಕೆಂಪಾಗುವಿಕೆ ಕಾಣಿಸಿಕೊಳ್ಳುತ್ತವೆ. ಡೆಂಗಿ, ಮಲೇರಿಯಾಗಳೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಉಲ್ಬಣಿಸಿದರೆ ಕಾಮಾಲೆ, ಮೂತ್ರಪಿಂಡಗಳ ವೈಫಲ್ಯ, ಶ್ವಾಸಕೋಶದ ರಕ್ತಸ್ರಾವ ಸಂಭವಿಸುತ್ತವೆ. ಇದನ್ನು ಬರಿಯ ಕಾಮಾಲೆಯೆಂದು ಭಾವಿಸಿ ನಾಟಿ ಔಷಧದಲ್ಲಿ ದಿನ ಕಳೆಯುವುದು ಪ್ರಾಣಾಪಾಯಕಾರಿ.

ಚಿಕಿತ್ಸೆ

ಆರಂಭದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ, ತೀವ್ರಾವಸ್ಥೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು ವೈದ್ಯರು ನೀಡುತ್ತಾರೆ. ಮೂತ್ರಪಿಂಡಗಳು ಸೋತರೆ ಡಯಾಲಿಸಿಸ್ ಬೇಕಾಗುತ್ತದೆ. ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ಳಲು ಸುಮಾರು ಒಂದು ವಾರ ಹಿಡಿಯುವುದರಿಂದ, ಸಂಶಯ ಬಂದೊಡನೆ ಚಿಕಿತ್ಸೆ ಆರಂಭಿಸುವುದು ವಾಡಿಕೆ. ಆದ್ದರಿಂದ ಜ್ವರಕ್ಕೆ ಮುನ್ನ ಕೆಸರಿನಲ್ಲಿ ದುಡಿದ ಸಂಗತಿಯನ್ನು ರೋಗಿಯು ವೈದ್ಯರಿಗೆ ತಿಳಿಸುವುದು ಅತ್ಯಗತ್ಯ.

ಮುನ್ನೆಚ್ಚರಿಕೆ

ಗಂಬೂಟು ಧರಿಸುವುದು, ಗಾಯಗಳನ್ನು ಮುಚ್ಚಿಕೊಳ್ಳುವುದು, ಕೆಲಸದ ನಂತರ ಸೋಪಿನಿಂದ ಕೈಕಾಲು ತೊಳೆಯುವುದು ಮುಖ್ಯ. ಒಂದು ಗದ್ದೆಯ ಇಲಿ ಪಕ್ಕದ ಗದ್ದೆಗೆ ಹೋಗುವುದರಿಂದ ಇಲಿ ನಿಯಂತ್ರಣವನ್ನು ಊರಿನವರೆಲ್ಲ ಏಕಕಾಲದಲ್ಲಿ ಕೈಗೊಳ್ಳಬೇಕು. ನೆರೆಯ ಕೇರಳದಲ್ಲಿ 2018ರ ಪ್ರವಾಹದ ವೇಳೆ ರೋಗ ಉಲ್ಬಣಿಸಿದಾಗ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಲಾಯಿತು. ಈ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.