ಗಾಳದ ನಂಬ್ರ: ಒಂದು ಸಣ್ಣ ಚರಿತ್ರೆ



ಸಂಘದ ಸಾಲ, ಠೇವಣಿ, ಡಿವಿಡೆಂಡಿನ ವಿಚಾರ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಉಂಟು. ದೋಣಿ, ಇಂಜಿನು, ಬಲೆಗಳ ಬಗ್ಗೆ ಬರೆಯುವವರೂ ಇದ್ದಾರೆ. ನಾವು ಬರೆಯಹೊರಟಿರುವುದು ಅಂಗೈಯಲ್ಲಿ ಹತ್ತು ಹಿಡಿಸುವ ಸಣ್ಣ ಸಾಮಾನಿನ ಬಗ್ಗೆ. ಅದೇ ಗಾಳ. ಅದರಲ್ಲೂ ಜೀವಂತ ಎರೆ ಚುಚ್ಚಿ ಕಡಲಿಗೆ ಬಿಡುವ ಗಾಳ. ಯಾವ ಎರೆಗೆ ಎಷ್ಟು ದೊಡ್ಡ ಗಾಳ ಎಂಬುದು ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ಅದರ ಹಿಂದೆ ದೊಡ್ಡ ಚರಿತ್ರೆ ಉಂಟು.

ಜಪಾನಿನ ಓಕಿನಾವಾ ದ್ವೀಪದ ಸಾಕಿತಾರಿ ಗುಹೆಯಲ್ಲಿ ಕಡಲ ಶಂಖದ ಚಿಪ್ಪನ್ನು ಉಜ್ಜಿ ಮಾಡಿದ ಗಾಳಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 23,000 ವರ್ಷ ಎಂದು 2016ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಕಬ್ಬಿಣ, ತಾಮ್ರ ಯಾವುದೂ ಇಲ್ಲದ ಕಾಲ ಅದು. ನಮ್ಮ ಉಪಖಂಡದಲ್ಲಿ ಮೊಹೆಂಜೊದಾರೊ, ಲೋಥಲ್ ಮೊದಲಾದ ಸಿಂಧೂ ನಾಗರಿಕತೆಯ ಊರುಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ತಾಮ್ರದ ಗಾಳಗಳು ದೊರೆತಿವೆ. ಅವುಗಳಲ್ಲಿ ಕೆಲವಕ್ಕೆ ಹಿಮ್ಮುಳ್ಳು ಕೂಡ ಉಂಟು. ಇವತ್ತು ಅಂಗಡಿಯಲ್ಲಿ ಸಿಗುವ ಗಾಳವನ್ನು ಆ ಕಾಲದವರ ಕೈಗೆ ಕೊಟ್ಟರೆ ಇದೇನಪ್ಪಾ ಅಂತ ಅವರು ಕೇಳಲಿಕ್ಕಿಲ್ಲ. ಕೂಡಲೇ ಗುರುತು ಹಿಡಿದಾರು.

ಆಗ ಗಾಳಕ್ಕೆ ನಂಬ್ರ ಇರಲಿಲ್ಲ. ಮಾಡುವವನಿಗೂ ಹಿಡಿಯುವವನಿಗೂ ಕಣ್ಣಳತೆಯೇ ನಂಬ್ರ. ನಂಬ್ರ ಬಂದದ್ದು ಕಾರ್ಖಾನೆಗಳ ಕಾಲದಲ್ಲಿ. ಇಂಗ್ಲೆಂಡಿನ ರೆಡ್ಡಿಚ್ ಎಂಬ ಊರು ಹೊಲಿಗೆ ಸೂಜಿಗೆ ಹೆಸರಾಗಿತ್ತು. ಸೂಜಿಯ ತಂತಿಯನ್ನು ಬಗ್ಗಿಸಿದರೆ ಗಾಳ ಆಯಿತಲ್ಲ, ಹಾಗಾಗಿ ಗಾಳದ ಕಸುಬೂ ಅಲ್ಲಿ ಬೆಳೆಯಿತು. ನಾರ್ವೆ ದೇಶದಲ್ಲಿ 1832ರಲ್ಲಿ ಮೊಳೆ, ತಂತಿ ಮಾಡಲು ಶುರುವಾದ ಮುಸ್ತಾದ್ ಕಂಪೆನಿ 1877ರಲ್ಲಿ ಯಂತ್ರದಿಂದ ಗಾಳ ತಯಾರಿಸತೊಡಗಿತು. ಮುಂದೆ ಆ ಗಾಳಗಳು ಪ್ರಪಂಚದ ಎಲ್ಲ ಕಡಲತೀರಗಳಿಗೂ ತಲುಪಿದವು. ನಮ್ಮ ದೇಶದ ಬೆಸ್ತರ ಪೆಟ್ಟಿಗೆಗೂ ಬಂದವು.

ಈ ನಂಬ್ರದ ಲೆಕ್ಕ ಹೊಸಬರಿಗೆ ತಲೆಕೆಳಗಾಗಿ ಕಾಣ್ತದೆ. 12ಕ್ಕಿಂತ 8 ದೊಡ್ಡದು, 8ಕ್ಕಿಂತ 4 ದೊಡ್ಡದು, 4ಕ್ಕಿಂತ 1 ದೊಡ್ಡದು. ಒಂದರಿಂದ ಆಚೆ ಸೊನ್ನೆ ಸೇರ್ತದೆ. ಅಲ್ಲಿಂದ ಲೆಕ್ಕ ನೆಟ್ಟಗೆ ಏರ್ತದೆ: 1/0, 2/0, 5/0, 8/0 ಹೀಗೆ. ಒಂದು ಕಂಪೆನಿಯ 4/0 ಇನ್ನೊಂದು ಕಂಪೆನಿಯ 4/0ಕ್ಕೆ ಸಮ ಇರಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಆದ್ದರಿಂದ ಪೊಟ್ಟಣದ ಮೇಲಿನ ನಂಬ್ರ ಓದಿ ತೃಪ್ತಿಪಡದೆ ಗಾಳವನ್ನು ಕೈಯಲ್ಲಿ ಹಿಡಿದು ಅದರ ಬಾಯಿ, ಅಂದರೆ ಮೊನೆಗೂ ಕಾಲಿಗೂ ನಡುವಿನ ಅಗಲ, ನೋಡಬೇಕು.

ಇನ್ನು ಮುಖ್ಯ ವಿಷಯ. ದೊಡ್ಡ ಮೀನಿಗೆ ದೊಡ್ಡ ಗಾಳ ಎಂಬ ಮಾತು ಎಲ್ಲರ ಬಾಯಲ್ಲೂ ಉಂಟು. ಸತ್ತ ಎರೆಯ ತುಂಡಿಗೆ ಅದು ಮುಕ್ಕಾಲು ಪಾಲು ಸರಿ. ಜೀವಂತ ಎರೆಗೆ ಮೊದಲ ಲೆಕ್ಕ ಎರೆಯದ್ದೇ, ಮೀನಿನದ್ದು ಆಮೇಲೆ. ದಪ್ಪ ತಂತಿಯ ದೊಡ್ಡ ಗಾಳವನ್ನು ಸಣ್ಣ ಬೂತಾಯಿಗೆ ಚುಚ್ಚಿದರೆ ಅದು ಭಾರಕ್ಕೆ ವಾಲಿ ಸ್ವಲ್ಪ ಹೊತ್ತಿಗೆ ಸಾಯ್ತದೆ. ಹೆದರಿ ಓಡುವ ಎರೆಯನ್ನು ಅಟ್ಟಿಕೊಂಡು ಬರುವ ಅಂಜಲ್ ಸತ್ತದ್ದರ ಕಡೆ ಅಷ್ಟಾಗಿ ತಿರುಗುವುದಿಲ್ಲ. ಹಾಗಂತ ತೀರಾ ಸಣ್ಣ ಗಾಳ ಹಾಕಿದರೆ ಮೊನೆ ಎರೆಯ ಮೈಯಲ್ಲೇ ಹುಗಿದು ಮೀನಿನ ಬಾಯಿಗೆ ತಾಗುವುದಿಲ್ಲ; ತೆಳು ತಂತಿಯಾದರೆ ದೊಡ್ಡ ಮೀನು ಎಳೆದಾಗ ನೇರ ಆಗಿಬಿಡ್ತದೆ. ಎರೆ ಬದುಕಬೇಕು, ಮೊನೆ ಹೊರಗಿರಬೇಕು, ತಂತಿ ತಡೆಯಬೇಕು. ಈ ಮೂರೂ ಕೂಡಿದಲ್ಲಿ ಸರಿಯಾದ ನಂಬ್ರ ಉಂಟು.

ಒಂದು ಅಂದಾಜು ಹೇಳುವುದಾದರೆ, ಜೀವಂತ ಸಿಗಡಿಗೆ 1ರಿಂದ 2/0, ಬೆರಳುದ್ದದ ಬೂತಾಯಿಗೆ 2/0ರಿಂದ 4/0, ಪೂರ್ತಿ ಬೆಳೆದ ಬಂಗುಡೆಗೆ 5/0ರಿಂದ 8/0 ಸಾಕು. ಸಿಗಡಿಯನ್ನು ತಲೆಯ ಕೊಂಬಿನ ಹತ್ತಿರ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದ ಹಾಗೆ ಚುಚ್ಚಬೇಕು. ದೋಣಿ ಓಡುತ್ತಿದ್ದರೆ ಅಥವಾ ನೀರಿನ ಸೆಳೆತ ಇದ್ದರೆ ಎರೆಮೀನಿನ ಮೂತಿಗೆ, ನಿಂತ ನೀರಿನಲ್ಲಿ ಬೆನ್ನಿನ ರೆಕ್ಕೆಯ ಮುಂದೆ ಬೆನ್ನೆಲುಬಿಗೆ ತಾಗದಂತೆ. ಅಂಜಲಿನ ಹಲ್ಲು ಕತ್ತರಿಯಂಥದ್ದು. ಎರೆಯ ಹಿಂಬದಿಯನ್ನು ಕತ್ತರಿಸಿ ಹೋಗುವುದೇ ಅದರ ಗುಣ. ಆದ್ದರಿಂದ ಅದಕ್ಕೆ ಉಕ್ಕಿನ ತಂತಿಯೂ ಬಾಲದ ಕಡೆ ಇನ್ನೊಂದು ಗಾಳವೂ ಬೇಕು.

ನಮ್ಮ ಕಡಲಿನ ಆಚೆ ಮಗ್ಗುಲಿನ ಲಕ್ಷದ್ವೀಪದಲ್ಲಿ ಇದಕ್ಕೆ ಇನ್ನೊಂದೇ ದಾರಿ ಉಂಟು. ಅಲ್ಲಿನ ಅಮಿನಿದಿವಿ ಗುಂಪಿನ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮಲಬಾರಿಗೆ ಸೇರಿದ್ದ ಮಿನಿಕಾಯ್ ದ್ವೀಪದವರು ತಲೆಮಾರುಗಳಿಂದ ಜೀವಂತ ಸಣ್ಣ ಮೀನುಗಳನ್ನು ದೋಣಿಯ ನೀರಿನ ತೊಟ್ಟಿಯಲ್ಲಿ ಕಾಪಾಡಿ, ಟ್ಯೂನಾ ಹಿಂಡು ಕಂಡಲ್ಲಿ ಅವನ್ನು ಕಡಲಿಗೆ ಎರಚುತ್ತಾರೆ. ಹಿಂಡು ದೋಣಿಯ ಹತ್ತಿರ ಮುತ್ತಿದಾಗ ಕೋಲಿನ ತುದಿಯ ಗಾಳದಿಂದ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಅವರ ಗಾಳಕ್ಕೆ ಹಿಮ್ಮುಳ್ಳೇ ಇಲ್ಲ. ಮೀನು ದೋಣಿಯೊಳಗೆ ಬಿದ್ದ ಕೂಡಲೇ ಗಾಳ ತಾನಾಗಿ ಕಳಚಿ ಮರುಕ್ಷಣ ನೀರಿಗೆ ಹೋಗ್ತದೆ. ಹಿಂಡು ನಿಲ್ಲುವುದು ಸ್ವಲ್ಪ ಹೊತ್ತು. ಮುಳ್ಳು ಬಿಡಿಸುತ್ತ ಕೂತರೆ ಮೀನು ಹೋಗಿರ್ತದೆ.

ಪೆಸಿಫಿಕ್ ದ್ವೀಪದವರು ಎಲುಬು, ಚಿಪ್ಪಿನಿಂದ ಮೊನೆ ಒಳಗೆ ಬಾಗಿದ ಗಾಳ ಮಾಡುತ್ತಿದ್ದರು. ಮೀನು ನುಂಗಿ ತಿರುಗಿದಾಗ ಅದು ಹೊಟ್ಟೆಯಲ್ಲಿ ಸಿಕ್ಕಿಕೊಳ್ಳದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಹಿಡಿಯುತ್ತದೆ. ಅದೇ ತತ್ವದ ಉಕ್ಕಿನ ಗಾಳವನ್ನು ಈಗ ಸರ್ಕಲ್ ಗಾಳ ಅಂತಾರೆ. ಅಮೆರಿಕದ ಅಲಾಸ್ಕಾ ಕಡೆಯ ಹಾಲಿಬಟ್ ಮೀನುಗಾರರು 1980ರ ದಶಕದ ಮೊದಲ ವರ್ಷಗಳಲ್ಲಿ ಇದಕ್ಕೆ ಬದಲಾಯಿಸಿಕೊಂಡು ಹೆಚ್ಚು ಮೀನು ಹಿಡಿದರು. 2004ರಲ್ಲಿ ಅಮೆರಿಕ ಸರಕಾರ ಕಡಲಾಮೆಗಳನ್ನು ಉಳಿಸಲು ಅಟ್ಲಾಂಟಿಕ್ ಸಾಗರದ ತನ್ನ ಉದ್ದ ಬೇಪಿನ ದೋಣಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಸರ್ಕಲ್ ಗಾಳದ ಬಾಯಿ ಕಿರಿದು, ಹಾಗಾಗಿ ಎರೆ ಆ ಜಾಗವನ್ನು ಮುಚ್ಚದಂತೆ ಒಂದೆರಡು ನಂಬ್ರ ದೊಡ್ಡದು ಆರಿಸಬೇಕು. ಮೀನು ಕಚ್ಚಿದಾಗ ಜಗ್ಗಬಾರದು, ಸಾವಕಾಶ ಎಳೆಯಬೇಕು.

ಇದೆಲ್ಲ ಈಗ ಯಾಕೆ ಅಂತ ಕೇಳಬಹುದು. ಊರಿಗೆ ಊರೇ ಎಳೆಯುತ್ತಿದ್ದ ರಂಪಣಿ, 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಬೇಕಾಯಿತು. ಬಲೆಗೆ ಬಿದ್ದದ್ದು ಏನು ಅಂತ ಎತ್ತಿದ ಮೇಲೆ ಗೊತ್ತಾಗ್ತದೆ; ಮರಿ ಇದ್ದರೂ ಅಷ್ಟರಲ್ಲಿ ಸತ್ತಿರ್ತದೆ. ಗಾಳದಲ್ಲಿ ಹಾಗಲ್ಲ. ಯಾವ ಅಳತೆಯ ಮೀನು ಬೇಕೆಂದು ಬಹುಮಟ್ಟಿಗೆ ದಡದಲ್ಲೇ ತೀರ್ಮಾನಿಸಬಹುದು. ದೊಡ್ಡ ಎರೆಗೆ ಮರಿಮೀನು ಬಾಯಿ ಹಾಕಲಾರದು. ತಪ್ಪಿ ಸಿಕ್ಕಿದರೂ ಜೀವಸಹಿತ ಬಿಡಬಹುದು.

ದೊಡ್ಡ ಬಂಡವಾಳ ಇಲ್ಲದವನಿಗೆ ಸಣ್ಣ ದೋಣಿ, ಒಂದು ಬೇಪು, ಸರಿಯಾದ ನಂಬ್ರದ ನಾಲ್ಕು ಗಾಳ ಇದ್ದರೆ ಇವತ್ತಿಗೂ ಒಂದು ದಾರಿ ಉಂಟು. ಆ ನಂಬ್ರ ಆರಿಸುವ ವಿದ್ಯೆ ನಮ್ಮ ಹಿರಿಯರ ಬೆರಳ ತುದಿಯಲ್ಲಿ ಉಂಟು, ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇಲ್ಲ. ಸದಸ್ಯರ ಮನೆಯ ಹುಡುಗರು ಒಂದು ಸಂಜೆ ಅವರ ಹತ್ತಿರ ಕೂತು, ಯಾವ ಬಂಡೆಯ ಹತ್ತಿರ, ಯಾವ ತಿಂಗಳು, ಯಾವ ಎರೆಗೆ ಎಷ್ಟು ನಂಬ್ರ ಎಂದು ಕೇಳಿ ಬರೆದಿಡಲಿ. ಸಹಕಾರ ಎಂದರೆ ಹಣವನ್ನು ಕೂಡಿಡುವುದು ಹೇಗೋ, ತಿಳಿವಳಿಕೆಯನ್ನು ಕೂಡಿಡುವುದೂ ಹಾಗೆಯೇ ಎಂದು ನಾವು ನಂಬಿದ್ದೇವೆ.