ಇಂಗ್ಲಿಷ್ ಮೇಷ್ಟ್ರಿಗೆ ಷಿಕಾಗೋ ಕೊಟ್ಟ ಕೆಲಸ: ಎ.ಕೆ. ರಾಮಾನುಜನ್ ವಲಸೆಯ ಮರುವಿಚಾರ

ಪರದೇಶಕ್ಕೆ ಹೋಗಿ ನೆಲೆ ಕಂಡವರ ಉದ್ಯೋಗದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಕಥೆಗಳು ಚಾಲ್ತಿಯಲ್ಲಿವೆ. ಓದಿಗೆ ತಕ್ಕ ಕೆಲಸ ಸಿಗದೆ ಕೊರಗಿದವರದು ಒಂದು, ಪ್ರತಿಭೆಯ ಬಲದಿಂದಲೇ ಮೇಲೇರಿದವರದು ಇನ್ನೊಂದು. ಮೈಸೂರಿನ ಕವಿ, ಅನುವಾದಕ ಎ.ಕೆ. ರಾಮಾನುಜನ್ (1929–1993) ಅವರನ್ನು ಎರಡನೆಯ ಕಥೆಗೆ ಸೇರಿಸುವುದು ರೂಢಿ. ಅದು ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ವಾದ. ಅವರ ಹೆಸರು ಉಳಿಸಿದ ಕೆಲಸಕ್ಕೆ ಬೇಕಾದ ಸರಕು ಬಹುಪಾಲು ಮೈಸೂರು, ಬೆಳಗಾವಿಗಳಲ್ಲೇ ಇತ್ತು. ಅದನ್ನು ಸಂಬಳ ಕೊಟ್ಟು ಮಾಡಿಸುವ ಹುದ್ದೆ ಇರಲಿಲ್ಲ. ಆ ಹುದ್ದೆ ಹುಟ್ಟಿದ್ದು ಶೀತಲ ಸಮರದ ಕಾಲದ ಅಮೆರಿಕದ ಆತಂಕದಿಂದ.

ಮೊದಲು ಮೈಸೂರಿನ ಮನೆ. ತಂದೆ ಗಣಿತದ ಪ್ರಾಧ್ಯಾಪಕರು. ಮಹಡಿಯ ಮೇಲಿನ ತಂದೆಯ ಓದುಕೋಣೆಯಲ್ಲಿ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಬೀದಿಗಿಳಿದರೆ ಕನ್ನಡ. ಈ ಹಂಚಿಕೆಯನ್ನು ರಾಮಾನುಜನ್ ಅವರೇ ಬರೆದಿದ್ದಾರೆ. ಆದರೆ ಮಹಾರಾಜ ಕಾಲೇಜಿನ ಪದವಿಗೆ ಮಾರುಕಟ್ಟೆಯಲ್ಲಿ ಬೆಲೆ ತಂದದ್ದು ಮಹಡಿಯ ಭಾಷೆ. ಇಂಗ್ಲಿಷ್ ಸಾಹಿತ್ಯ ಓದಿ ಹೊರಬಂದ ಅವರು ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಸುಮಾರು ಎಂಟು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಅದು ಮರ್ಯಾದೆಯ ಕೆಲಸವೇ. ಆದರೆ ಅದೇ ಅವಧಿಯಲ್ಲಿ, 1955ರಲ್ಲಿ, ಅವರ ‘ಗಾದೆಗಳು’ ಪುಸ್ತಿಕೆ ಧಾರವಾಡದಿಂದ ಪ್ರಕಟವಾಯಿತು. ಜನಪದ ಕಥೆಗಳ ಸಂಗ್ರಹವೂ ನಡೆದಿತ್ತು. ತರಗತಿಯಲ್ಲಿ ಇಂಗ್ಲಿಷ್ ಕವಿತೆ, ತರಗತಿಯ ಹೊರಗೆ ಅಜ್ಜಿಕಥೆ. ಎರಡನೆಯದನ್ನು ಆಗ ಯಾವ ಕಾಲೇಜೂ ಕೆಲಸವೆಂದು ಎಣಿಸುತ್ತಿರಲಿಲ್ಲ, ಹವ್ಯಾಸವೆಂದು ಸಹಿಸುತ್ತಿತ್ತು.

1958ರ ಹೊತ್ತಿಗೆ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಯಲು ಸೇರಿದರು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಭಾಷಾ ಯೋಜನೆಯೊಂದು ನಡೆಯುತ್ತಿತ್ತು. ಅಂದರೆ ಸಾಗರ ದಾಟುವ ಮೊದಲೇ ಅಮೆರಿಕದ ಹಣ ಅವರಿದ್ದಲ್ಲಿಗೆ ಬಂದಿತ್ತು. 1959ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. 1963ರಲ್ಲಿ ಕನ್ನಡದ ಉತ್ಪಾದಕ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ಪಿಎಚ್.ಡಿ. ಪಡೆದರು. ಅಷ್ಟರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಾಗಿತ್ತು.

ಕರೆದದ್ದೇಕೆ? 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ಬೆದರಿದ ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ತಂದು, ತನ್ನ ದೇಶದಲ್ಲಿ ಕಲಿಸುವವರು ಸಾಲದ ಭಾಷೆಗಳ ಬೋಧನೆಗೆ ಹಣ ಸುರಿಯಿತು. 1962ರಿಂದ, ಅಮೆರಿಕದ ಪಿ.ಎಲ್. 480 ಆಹಾರ ನೆರವಿನ ಕಾಯಿದೆಯಡಿ ಬಂದ ಗೋಧಿಯ ಬಾಬ್ತು ಭಾರತದಲ್ಲಿ ಜಮೆಯಾಗಿದ್ದ ರೂಪಾಯಿಗಳಲ್ಲಿ ನಮ್ಮ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸುವ ವ್ಯವಸ್ಥೆಯೂ ಶುರುವಾಯಿತು. ನಾವು ಗೋಧಿ ತಿಂದೆವು, ಅವರು ನಮ್ಮ ಪುಸ್ತಕ ಓದಿದರು. ಯಾರಿಗೆ ಲಾಭವಾಯಿತೆಂಬ ಲೆಕ್ಕ ಇಲ್ಲಿ ಬೇಡ. ಅಡುಗೆಮನೆಯ ತಮಿಳಿಗೂ ಬೀದಿಯ ಕನ್ನಡಕ್ಕೂ ಮೈಸೂರಿನಲ್ಲಿ ಇಲ್ಲದ ಬೆಲೆ ಷಿಕಾಗೋದಲ್ಲಿ ಬಂದದ್ದು ಹೀಗೆ.

ಅವರಿಗೆ ಅಲ್ಲಿ ಮೊದಲು ಸಿಕ್ಕ ಹೊಣೆ ತಮಿಳಿನದು. ಮನೆಯಲ್ಲಿ ಆಡಿದ್ದ ಭಾಷೆಯೇ ಹೊರತು ಹಳೆಯ ತಮಿಳನ್ನು ಅವರು ಕಲಿತಿರಲಿಲ್ಲ. 1962ರ ಒಂದು ಶನಿವಾರ ಹಳೆಯ ತಮಿಳಿನ ಪ್ರಾಥಮಿಕ ವ್ಯಾಕರಣವೊಂದನ್ನು ಹುಡುಕುತ್ತ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಾಗ, ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ್ದ ಸಂಗಂ ಕವಿತೆಗಳ ಸಂಕಲನ ಕೈಗೆ ಸಿಕ್ಕಿತು. ಈ ಪ್ರಸಂಗವನ್ನು ಅದೃಷ್ಟದ ಆಟವೆಂಬಂತೆ ಹೇಳುವುದುಂಟು. ನನಗೆ ಮುಖ್ಯವೆನಿಸುವುದು ಬೇರೆ: ಆ ವ್ಯಾಕರಣವನ್ನು ಹುಡುಕುವುದು ಅವರ ಸಂಬಳದ ಕೆಲಸವಾಗಿತ್ತು. ಬೆಳಗಾವಿಯ ಇಂಗ್ಲಿಷ್ ಅಧ್ಯಾಪಕರಿಗೆ ಸಂಗಂ ಸಾಹಿತ್ಯಕ್ಕಾಗಿ ವರ್ಷಗಟ್ಟಲೆ ಕೂರುವ ಪುರಸೊತ್ತು ಯಾರು ಕೊಟ್ಟಾರು? ಆ ಸಂಕಲನದಿಂದ ಹೊರಟ ದಾರಿಯಲ್ಲಿ 1967ರ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಬಂತು. ಕನ್ನಡದ ಸರದಿ ಅನಂತರದ್ದು: ದೇವರ ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳ ‘ಸ್ಪೀಕಿಂಗ್ ಆಫ್ ಶಿವ’ (1973), ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ (1976).

ಆದರೂ ಹುದ್ದೆ ಎಲ್ಲವನ್ನೂ ವಿವರಿಸುವುದಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಹೊರಬಂದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಷಿಕಾಗೋದ ಬಡ್ತಿಗೆ ಕನ್ನಡ ಕವನಸಂಕಲನ ಬೇಕಿರಲಿಲ್ಲ, ಅಲ್ಲಿನ ಸಹೋದ್ಯೋಗಿಗಳಲ್ಲಿ ಅದನ್ನು ಓದಬಲ್ಲವರೂ ವಿರಳ. ಅನ್ನ ಕೊಡುವ ಕೆಲಸ ಒಂದು ದೇಶದಲ್ಲಿ, ಬರವಣಿಗೆಯ ಒಂದು ಪಾಲಿನ ಓದುಗರು ಇನ್ನೊಂದು ದೇಶದಲ್ಲಿ. ಈ ಇಬ್ಬಂದಿತನವನ್ನು ವಿಮರ್ಶಕರು ಅನಾಥಪ್ರಜ್ಞೆ ಎಂದು ಓದಲು ಆತುರಪಡುತ್ತಾರೆ. ದಶಕಗಳ ಕಾಲ ಎರಡೂ ಕಡೆ ಪ್ರಕಟಿಸಿದವರ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಾಗುವುದಿಲ್ಲ.

ಹೋಲಿಕೆಗೆ ಹಾ.ಮಾ. ನಾಯಕರಿದ್ದಾರೆ. ತೀರ್ಥಹಳ್ಳಿ ಸೀಮೆಯ ಹಾರೋಗದ್ದೆಯವರು. ಅದೇ ಇಂಡಿಯಾನಾ ವಿಶ್ವವಿದ್ಯಾಲಯ, ಅದೇ ದಶಕ, ಕನ್ನಡವೇ ವಿಷಯ. ಅವರು ಗ್ರಾಂಥಿಕ ಮತ್ತು ಆಡುಮಾತಿನ ಕನ್ನಡದ ಮೇಲೆ ಪ್ರಬಂಧ ಬರೆದು ಮೈಸೂರಿಗೆ ಮರಳಿದರು. ಮರಳಿದವರಿಗೆ ನೆಲೆ ಸಿಕ್ಕಿತು, ಏಕೆಂದರೆ ಅಷ್ಟರಲ್ಲಿ ಮೈಸೂರೇ ಬದಲಾಗುತ್ತಿತ್ತು. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು, ಮುಂದೆ ನಾಯಕರು ಅದರ ನಿರ್ದೇಶಕರಾದರು. 1969ರಲ್ಲಿ ಡಿ.ಪಿ. ಪಟ್ನಾಯಕರ ನೇತೃತ್ವದಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಇದೇ ಊರಿನಲ್ಲಿ ತೆರೆಯಿತು. ಜಾನಪದವೂ ಭಾಷಾವಿಜ್ಞಾನವೂ ಈಗ ಮೈಸೂರಿನಲ್ಲೇ ಸಂಬಳದ ಕೆಲಸಗಳಾದವು. ರಾಮಾನುಜನ್ ಹೊರಟ 1959ರಲ್ಲಿ ಇವೆರಡೂ ಇರಲಿಲ್ಲ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವರು ಊರಿನಲ್ಲೇ ಉಳಿಯುತ್ತಿದ್ದರೇ ಎಂಬುದು ಊಹೆಯ ಮಾತು. ಉಳಿದಿದ್ದರೆ ಸಂಗಂ ಕವಿತೆಗಳು ಅವರ ಪಾಲಿಗೆ ಬರುವುದು ಕಷ್ಟವಿತ್ತು ಎಂಬುದು ಅಷ್ಟು ಊಹೆಯಲ್ಲ.

ಇಲ್ಲೊಂದು ಎಚ್ಚರಿಕೆ: ರಾಮಾನುಜನ್ ಅವರ ದಾರಿ ಎಲ್ಲ ವಲಸಿಗರ ದಾರಿಯಲ್ಲ. 1946ರ ಕಾಯಿದೆ ವರ್ಷಕ್ಕೆ ಬರೀ 100 ಭಾರತೀಯರಿಗೆ ಅಮೆರಿಕದ ವಲಸೆಯ ಬಾಗಿಲು ತೆರೆದಿತ್ತು. 1965ರ ಕಾಯಿದೆಯ ಬಳಿಕ ಮೈಸೂರಿನಿಂದ ಹೋದ ವೈದ್ಯರು, ಎಂಜಿನಿಯರುಗಳು ಬೇರೆಯೇ ಬಗೆಯ ವಲಸಿಗರು. ಅವರ ಓದಿಗೆ ಅಲ್ಲಿ ಆಗಲೇ ಬೇಡಿಕೆಯಿತ್ತು. ಇನ್ನು ಎಚ್-4 ವೀಸಾದಲ್ಲಿ ಗಂಡನ ಜೊತೆ ಹೋದ ಸ್ನಾತಕೋತ್ತರ ಪದವೀಧರೆಗೆ 2015ರವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ, ಆಮೇಲೂ ಎಲ್ಲರಿಗೂ ಇಲ್ಲ. ಅಂಥವರು ವಾರಾಂತ್ಯದ ಕನ್ನಡ ತರಗತಿಯಲ್ಲಿ ಪುಕ್ಕಟೆಯಾಗಿ ಕಲಿಸುವುದು ರಾಮಾನುಜನ್ ಸಂಬಳಕ್ಕೆ ಕಲಿಸಿದ್ದಕ್ಕಿಂತ ತೀರ ಬೇರೆಯ ವಿದ್ಯೆಯಲ್ಲ. ಈ ಪದವೀಧರೆಯರ ಹಿಂದೆ ಸ್ಪುಟ್ನಿಕ್ ಇಲ್ಲ, ಅಷ್ಟೆ. ಒಲವಿದ್ದರೆ ಕೆಲಸ ತಾನಾಗಿ ಸಿಗುತ್ತದೆಂದು ಹೊಸ ವಲಸಿಗರಿಗೆ ರಾಮಾನುಜನ್ ಅವರನ್ನು ತೋರಿಸಿ ಹೇಳುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು.

ಬೆಳಗಾವಿಯ ಕಾಲದಿಂದ ಸಂಗ್ರಹಿಸುತ್ತ ಬಂದ ಕನ್ನಡದ ಕಥೆಗಳು ‘ಎ ಫ್ಲವರಿಂಗ್ ಟ್ರೀ’ ಎಂಬ ಪುಸ್ತಕವಾಗಿ ಅಚ್ಚಾದದ್ದು 1997ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ. ಸಂಪಾದಿಸಿದವರು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್. ಸಂಬಳದ ಹಂಗಿಲ್ಲದೆ ಶುರುವಾದ ಕೆಲಸ ಹುದ್ದೆಯ ಅಷ್ಟೂ ವರ್ಷಗಳಲ್ಲಿ ಮುಗಿದಿರಲಿಲ್ಲ.